ಟ್ರಂಪೆಟ್ ಟರ್ಕಿ ಕಾಲ್: ಮರದ್ದೋ, ಅಕ್ರಿಲಿಕ್ಕೋ?

ಪ್ರಶ್ನೆ: ಸರ್, ನಾನು ಹಾಸನದ ಕಡೆಯವನು, ಈಗ ಅಮೆರಿಕದ ಜಾರ್ಜಿಯಾದಲ್ಲಿದ್ದೇನೆ. ಎರಡು ವರ್ಷದಿಂದ ಆಫೀಸಿನ ಸ್ನೇಹಿತರ ಜೊತೆ ವಸಂತಕಾಲದ ಟರ್ಕಿ ಕೋಳಿ ಬೇಟೆಗೆ ಹೋಗುತ್ತಿದ್ದೇನೆ. ಹೆಣ್ಣು ಹಕ್ಕಿಯ ಹಾಗೆ ಕೂಗಿ ಗಂಡನ್ನು ಹತ್ತಿರ ಕರೆಯುವ ಸಾಧನಕ್ಕೆ ಇಲ್ಲಿ ಕಾಲ್ ಅನ್ನುತ್ತಾರಲ್ಲ, ಅದರಲ್ಲಿ ಬಾಕ್ಸ್ ಕಾಲ್, ಸ್ಲೇಟ್ ಕಾಲ್ ಎರಡೂ ತಕ್ಕಮಟ್ಟಿಗೆ ಬರುತ್ತವೆ. ಈಗ ಟ್ರಂಪೆಟ್ ಕಾಲ್ ಕಲಿಯಬೇಕು ಅಂತ ಆಸೆ. ಇಲ್ಲೊಬ್ಬರು ಒಂದೇ ಅಳತೆಯಲ್ಲಿ ಕೋಕೋಬೋಲೋ ಮರದ್ದೂ ಮಾಡಿಕೊಡುತ್ತಾರೆ, ಅಕ್ರಿಲಿಕ್ಕಿನದೂ ಮಾಡಿಕೊಡುತ್ತಾರೆ. ಮರದ್ದಕ್ಕೆ ಬೆಲೆ ಜಾಸ್ತಿ. 'ಮರದ ದನಿಯೇ ಬೇರೆ' ಅಂತ ಒಬ್ಬ ಸ್ನೇಹಿತ ಹೇಳುತ್ತಾನೆ, 'ಉಸಿರಿನ ತೇವಕ್ಕೆ ಮರ ಕೆಡುತ್ತೆ, ಅಕ್ರಿಲಿಕ್ ತಗೋ' ಅಂತ ಇನ್ನೊಬ್ಬ. ಯಾವುದು ತಗೊಳ್ಳಲಿ? ಊರಿಗೆ ಹೋಗುವಾಗ ಅಣ್ಣನ ಮಕ್ಕಳಿಗೆ ತೋರಿಸಲು ತೆಗೆದುಕೊಂಡು ಹೋಗಬಹುದಾ?

ಉತ್ತರ: ಅಳತೆ ಒಂದೇ, ಮಾಡುವ ಕೈಯೂ ಒಂದೇ ಅಂದರೆ ಅಕ್ರಿಲಿಕ್ಕೇ ತಗೊಳ್ಳಿ. ಉಳಿದ ದುಡ್ಡಲ್ಲಿ ಅವರ ಹತ್ತಿರವೇ ಇನ್ನೊಂದು ಮೌತ್‌ಪೀಸ್ ಮಾಡಿಸಿಕೊಳ್ಳಿ. ಹೀಗೆ ಹೇಳುತ್ತಿರುವ, ಸ್ವತಃ ಕಾಲ್ ಮಾಡುವ ನಾನು ಮಾತ್ರ ಕೊರಳಿಗೆ ಹಾಕಿಕೊಂಡು ಓಡಾಡುವುದು ವಾಲ್ನಟ್ ಮರದ್ದು! ಅದರ ಕಥೆ ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಸ್ನೇಹಿತರ ವಿಷಯ. ಇಬ್ಬರೂ ಹೇಳುತ್ತಿರುವುದು ಎಲ್ಲರೂ ಹೇಳುವ ಮಾತೇ. ಆದರೆ ಎರಡೂ ಈ ಕಾಲ್‌ಗೆ ಅಷ್ಟಾಗಿ ಹೊಂದುವುದಿಲ್ಲ.

ಟ್ರಂಪೆಟ್ ಕಾಲ್ ನೋಡದೇ ಇರುವವರಿಗಾಗಿ ಎರಡು ಮಾತು. ಹೆಸರು ಕೇಳಿ ಬ್ಯಾಂಡ್‌ಸೆಟ್ಟಿನ ಕಹಳೆ ಅಂದುಕೊಳ್ಳಬೇಡಿ. ಒಂದು ಗೇಣಿಗಿಂತ ಕಡಿಮೆ ಉದ್ದದ ಕೊಳವೆ ಅದು. ಒಂದು ತುದಿಯಲ್ಲಿ ಕಡ್ಡಿಯಷ್ಟು ಸಣ್ಣ ಮೌತ್‌ಪೀಸ್, ನಡುವೆ ಬ್ಯಾರೆಲ್, ಇನ್ನೊಂದು ತುದಿಯಲ್ಲಿ ಸ್ವಲ್ಪ ಅಗಲವಾದ ಬಾಯಿ. ಮೌತ್‌ಪೀಸನ್ನು ತುಟಿಯ ನಡುವೆಯೋ ಒಂದು ಪಕ್ಕಕ್ಕೋ ಇಟ್ಟು, ಮುತ್ತು ಕೊಟ್ಟ ಹಾಗೆ ಚಿಕ್ಕದಾಗಿ ಗಾಳಿ ಒಳಕ್ಕೆ ಎಳೆಯಬೇಕು. ತುಟಿ ಅದುರಿ 'ಕಿಯಕ್' ಅನ್ನುತ್ತದೆ. ಕೊಳವೆ ಆ ಕೀರಲು ದನಿಯನ್ನು ಹಿಗ್ಗಿಸಿ ಹೆಣ್ಣು ಟರ್ಕಿಯ ಕೂಗು, ಅಂದರೆ ಯೆಲ್ಪ್, ಮಾಡುತ್ತದೆ. ಇನ್ನೊಂದು ಕೈಯನ್ನು ಅಗಲದ ಬಾಯಿಗೆ ಬೊಗಸೆ ಹಿಡಿದು, ತೆರೆದು ಮುಚ್ಚಿ ದನಿ ತಿದ್ದಬೇಕು. ಊದುವ ಪ್ರಶ್ನೆಯೇ ಇಲ್ಲ, ಎಲ್ಲವೂ ಹೀರುವುದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಅರ್ಧ ಉತ್ತರ ಇದರ ಮೇಲೇ ನಿಂತಿದೆ.

ಇದರ ಅಜ್ಜ ಅಂದರೆ ಟರ್ಕಿಯ ರೆಕ್ಕೆ ಮೂಳೆಯಿಂದ ಮಾಡುತ್ತಿದ್ದ ಕಾಲ್. ಹಕ್ಕಿಯ ಮೂಳೆ ಟೊಳ್ಳು ಅಲ್ವಾ, ಸಣ್ಣದನ್ನು ದೊಡ್ಡದಕ್ಕೆ ಸಿಕ್ಕಿಸಿ ಅಂಟು ಹಾಕಿದರೆ ಆಯಿತು. ಚಾರ್ಲ್ಸ್ ಜೋರ್ಡನ್ ಎಂಬ ಹಳೆಯ ಬೇಟೆಗಾರ ಮೂಳೆಗೆ ಬೆತ್ತದ ಕೊಳವೆ ಜೋಡಿಸಿದ. 20ನೇ ಶತಮಾನದ ಮೊದಲ ಭಾಗದಲ್ಲಿ ಮೆಂಫಿಸ್‌ನ ಟಾಮ್ ಟರ್ಪಿನ್ ಲೇತ್ ಮೇಲೆ ಕಡೆದ ಮರದಿಂದ ಮಾಡಿ ಹೆಸರಾದ. ಈ ಹಿರಿಯರು ಮರ, ಬೆತ್ತ ಬಳಸಿದರು ಅಂತ ಅದನ್ನೇ ಶಾಸ್ತ್ರ ಮಾಡಿಕೊಂಡವರು ಇಲ್ಲಿ ತುಂಬ ಜನ ಇದ್ದಾರೆ. ಆದರೆ ಅಕ್ರಿಲಿಕ್ ಹಾಳೆ ಪ್ಲೆಕ್ಸಿಗ್ಲಾಸ್ ಅನ್ನುವ ಹೆಸರಲ್ಲಿ ಬಂದದ್ದೇ 1933ರಲ್ಲಿ. ಅದಕ್ಕೂ ಮುಂಚೆ ಅವರಿಗೆ ಆಯ್ಕೆಯಾದರೂ ಎಲ್ಲಿತ್ತು?

ಈಗ ತೇವದ ವಿಷಯ. 'ಉಸಿರಿನ ತೇವಕ್ಕೆ ಮರ ಉಬ್ಬುತ್ತೆ' ಅನ್ನುವ ಮಾತು ಬಂದಿರುವುದು ಬಾತುಕೋಳಿ ಕಾಲ್‌ನಿಂದ. ಅದನ್ನು ಊದಬೇಕು. ಚಳಿಗಾಲ, ಕೆರೆ ದಂಡೆ, ಹೊಟ್ಟೆಯ ಬಿಸಿ ಉಸಿರು ತಣ್ಣನೆಯ ಕೊಳವೆಗೆ ಹೋಗಿ ಒಳಗೆಲ್ಲ ನೀರು ಕಟ್ಟುತ್ತದೆ. ಬೆಳಗಿಡೀ ಊದಿದರೆ ಮರ ನೀರು ಕುಡಿದು ಉಬ್ಬಿ ಜೋಡಣೆ ಕಚ್ಚಿಕೊಳ್ಳುತ್ತದೆ. ಆ ಜನ ಅಕ್ರಿಲಿಕ್‌ಗೆ ಹೋದದ್ದು ಸರಿಯೇ. ಟ್ರಂಪೆಟ್‌ನಲ್ಲಿ ಗಾಳಿ ಉಲ್ಟಾ ಓಡುತ್ತದೆ. ಕಾಡಿನ ಗಾಳಿ ಅಗಲದ ಬಾಯಿಯಿಂದ ಒಳಗೆ ಬಂದು ನಿಮ್ಮ ಬಾಯಿಗೆ ಹೋಗುತ್ತದೆ. ನಿಮ್ಮ ಉಸಿರು ಕೊಳವೆಯನ್ನು ಮುಟ್ಟುವುದೇ ಇಲ್ಲ. ಎಂಜಲು ಸ್ವಲ್ಪ ಮೌತ್‌ಪೀಸಿನ ತುದಿಗೆ ಇಳಿಯಬಹುದು ಅಷ್ಟೇ. ಆ ಮೌತ್‌ಪೀಸ್ ಹೆಚ್ಚಾಗಿ ಮರದ್ದಾಗಿರುವುದೂ ಇಲ್ಲ. ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್, ಮೂಳೆ, ಕೊಂಬು, ಹಿತ್ತಾಳೆ, ಅಕ್ರಿಲಿಕ್, ಇವುಗಳಲ್ಲಿ ಯಾವುದಾದರೂ ಒಂದು ಇರುತ್ತದೆ. ಹಾಗಾಗಿ ಎರಡನೇ ಸ್ನೇಹಿತನ ಭಯ ನಿಜ, ಆದರೆ ಅದು ಬೇರೆ ಹಕ್ಕಿಯ ಕಾಲ್‌ಗೆ ಸೇರಿದ ಭಯ.

ಹಾಗಂತ ಮರಕ್ಕೆ ಏನೂ ಆಗುವುದಿಲ್ಲ ಅಂತಲ್ಲ. ಆಗುತ್ತದೆ, ಆದರೆ ನೀವು ಅಂದುಕೊಂಡ ಸಮಯದಲ್ಲಿ ಅಲ್ಲ. ನನ್ನ ಹತ್ತಿರ ಒಡೆದು ಬಂದ ಮರದ ಕಾಲ್‌ಗಳಲ್ಲಿ ಹೆಚ್ಚಿನವು ಕಾಡಲ್ಲಿ ಒಡೆದವಲ್ಲ, ಜನವರಿ ಫೆಬ್ರವರಿಯಲ್ಲಿ ಮನೆಯ ಡ್ರಾಯರಿನಲ್ಲಿ ಮಲಗಿದ್ದಾಗ ಒಡೆದವು. ಚಳಿಗಾಲವಿಡೀ ಹೀಟರ್ ಓಡುತ್ತದೆ, ಮನೆಯೊಳಗಿನ ಗಾಳಿ ಹಪ್ಪಳದ ಹಾಗೆ ಒಣಗಿರುತ್ತದೆ. ಮರ ಕುಗ್ಗುತ್ತದೆ. ಅದೂ ಎಲ್ಲ ಕಡೆ ಸಮವಾಗಿ ಕುಗ್ಗುವುದಿಲ್ಲ. ಮರದ ಉಂಗುರಗಳ ಜೊತೆಜೊತೆಗೆ ಸುತ್ತುವ ದಿಕ್ಕಿನಲ್ಲಿ ಆಗುವ ಕುಗ್ಗು, ತಿರುಳಿನಿಂದ ತೊಗಟೆಯ ಕಡೆಗೆ ಹೋಗುವ ದಿಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಅದಕ್ಕೇ ದುಂಡಗೆ ಕೊರೆದ ತೂತು ಒಂದು ವರ್ಷದಲ್ಲಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಲೋಹದ ಕಟ್ಟು ಸಡಿಲವಾಗುತ್ತದೆ, ಅಗಲದ ಬಾಯಿಯ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬರುತ್ತದೆ. ಏಪ್ರಿಲ್‌ನಲ್ಲಿ ಹೊರಗೆ ತೆಗೆದಾಗ 'ಹೋದ ವರ್ಷ ಚೆನ್ನಾಗಿ ಕೂಗುತ್ತಿತ್ತಲ್ಲ, ಈಗೇನಾಯಿತು' ಅಂತ ಗೊಣಗುತ್ತೀರಿ. ಗಾಳಿ ಆ ಬಿರುಕಿನಲ್ಲಿ ಸೋರುತ್ತಿರುತ್ತದೆ.

ಈ ಕುಗ್ಗಾಟ ಎಷ್ಟು ಅನ್ನುವುದು ಮರದ ಜಾತಿಗಿಂತ ಜಾಸ್ತಿ, ಮರವನ್ನು ಎಷ್ಟು ತಾಳ್ಮೆಯಿಂದ ಒಣಗಿಸಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ತಮಿಳುನಾಡಿನ ನರಸಿಂಗಪೇಟೆಯಲ್ಲಿ ನಾಗಸ್ವರ ಮಾಡುವವರು ಹಳೇ ಮನೆ ಕೆಡವಿದಾಗ ಸಿಗುವ ಆಚಾ ಮರದ ತೊಲೆಗಳನ್ನೇ ಹುಡುಕಿಕೊಂಡು ಹೋಗುತ್ತಾರೆ. ಹತ್ತಾರು ವರ್ಷ ಸೂರಿನ ಕೆಳಗೆ ಒಣಗಿದ ಮರ, ಕುಗ್ಗುವಷ್ಟೂ ಕುಗ್ಗಿ ಮುಗಿದಿರುತ್ತದೆ. ನಮ್ಮ ಕೆಲಸದಲ್ಲೂ ಅಷ್ಟೇ. ನಾನು ಮರದ ತುಂಡಿಗೆ ಮೊದಲು ಸಣ್ಣ ಡ್ರಿಲ್ ಬಿಟ್‌ನಿಂದ ಒಂದು ತೂತು ಹಾಕಿ, ಹೊರಗಡೆ ದಪ್ಪಗೆ ಬಿಟ್ಟು, ಕೆಲವು ತಿಂಗಳು ಶೆಲ್ಫಿನ ಮೇಲೆ ಮರೆತುಬಿಡುತ್ತೇನೆ. ಒಳಗೂ ಹೊರಗೂ ಒಣಗಿ, ಬಾಗುವಷ್ಟು ಬಾಗಿ ಮುಗಿಯಲಿ ಅಂತ. ಆಮೇಲೇ ಕೊನೆಯ ಅಳತೆಗೆ ಕೊರೆಯುವುದು. ಬಾಗಿಲ ಬಳಿ ಇರುವ ಡಬ್ಬದಲ್ಲಿ ಈಗಲೂ ಹತ್ತು ಹನ್ನೆರಡು ತುಂಡು ಹೀಗೇ ಕೂತಿವೆ, ಮೇಲೆ ಪೆನ್ಸಿಲಲ್ಲಿ ತಾರೀಕು ಬರೆದಿದೆ. ಹೋದ ವಾರ ಒಂದನ್ನು ಲೇತಿಗೆ ಹಾಕಿ ಓಡಿಸಿದರೆ ತೂತು ಕಣ್ಣೆದುರೇ ಅಡ್ಡಾಡುತ್ತಿತ್ತು, ನೇರವಾಗಿ ಕೊರೆದದ್ದು ಬಾಳೆಕಾಯಿಯ ಹಾಗೆ ಬಾಗಿತ್ತು. ಒಣಗಲು ಬಿಡದೆ ಮಾರಿದ್ದರೆ ಆ ಬಾಗು ಗಿರಾಕಿಯ ಮನೆಯಲ್ಲಿ ಆಗುತ್ತಿತ್ತು. ನಿಮಗೆ ಕಾಲ್ ಮಾಡಿಕೊಡುವವರನ್ನು ಇದೊಂದು ಪ್ರಶ್ನೆ ಕೇಳಿ: ಕೊರೆದು ಎಷ್ಟು ದಿನ ಇಟ್ಟಿದ್ದಿರಿ? ಅವರ ಮುಖ ನೋಡಿದರೇ ಉತ್ತರ ಗೊತ್ತಾಗುತ್ತದೆ.

ಅಕ್ರಿಲಿಕ್‌ಗೆ ಈ ತಾಪತ್ರಯ ಇಲ್ಲ. ನೀರು ಹೀರುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇವತ್ತು ಕೊರೆದ ಅಳತೆ ಹತ್ತು ವರ್ಷ ಬಿಟ್ಟರೂ ಅದೇ ಅಳತೆ. ನಿಮಗೆ ಅಕ್ರಿಲಿಕ್ ಹೇಳಿದ್ದಕ್ಕೆ ಇದೇ ದೊಡ್ಡ ಕಾರಣ. ಕಲಿಯುವವನ ಕೈಯಲ್ಲಿರುವ ಸಾಮಾನು ದಿನಕ್ಕೊಂದು ಥರ ಆಡಬಾರದು. ದನಿ ಸರಿ ಬರದಿದ್ದಾಗ ತಪ್ಪು ತುಟಿಯದೋ ಕೊಳವೆಯದೋ ಅಂತ ಗೊತ್ತಾಗಬೇಕು. ಅಕ್ರಿಲಿಕ್ ಇದ್ದರೆ ಅನುಮಾನವೇ ಬೇಡ, ತಪ್ಪು ತುಟಿಯದೇ.

ಇನ್ನು 'ಮರದ ದನಿಯೇ ಬೇರೆ' ಅನ್ನುವ ಮಾತು. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರೋಣ, ಯಾಕೆಂದರೆ ಜಗಳ ಇರುವುದೇ ಇಲ್ಲಿ.

ಗಾಳಿವಾದ್ಯದಲ್ಲಿ ಕೂಗುವುದು ಒಳಗಿನ ಗಾಳಿಯ ಕಂಬ, ಗೋಡೆಯಲ್ಲ. ವೀಣೆ, ಪಿಟೀಲಿನಲ್ಲಿ ಮರವೇ ಅದುರಿ ದನಿ ಕೊಡುತ್ತದೆ, ಅಲ್ಲಿ ಮರದ ಜಾತಿ ಮುಖ್ಯ. ಕೊಳವೆಯಲ್ಲಿ ಹಾಗಲ್ಲ. 1971ರಲ್ಲಿ ಜಾನ್ ಕೋಲ್ಟ್‌ಮನ್ ಎಂಬ ಅಮೆರಿಕದ ಭೌತವಿಜ್ಞಾನಿ ತೆಳು ಬೆಳ್ಳಿ, ದಪ್ಪ ತಾಮ್ರ, ಮರ ಈ ಮೂರರಲ್ಲಿ ಒಂದೇ ಒಳ ಅಳತೆಯ ಕೊಳಲು ಮಾಡಿ, ಕೇಳುವವರಿಗೆ ಕಾಣದ ಹಾಗೆ ನುಡಿಸಿ ಪರೀಕ್ಷೆ ಮಾಡಿದರು. ಯಾವುದು ಯಾವುದು ಅಂತ ಹೇಳಲು ಸಂಗೀತಗಾರರಿಗೂ ಆಗಲಿಲ್ಲ. ನಮ್ಮ ಟ್ರಂಪೆಟ್ ಕಾಲ್ ಕೊಳಲಲ್ಲ, ಸರಿ. ಆದರೂ ಗೋಡೆ ಇಷ್ಟು ದಪ್ಪ ಇರುವಾಗ ಅದು ಅದುರಿ ದನಿ ಬದಲಿಸುತ್ತೆ ಅನ್ನುವುದನ್ನು ನಂಬಲು ನನಗೆ ಕಷ್ಟ.

ಆದರೆ ತಮಾಷೆ ನೋಡಿ, ವ್ಯತ್ಯಾಸ ಕೇಳಿಸುವುದೂ ನಿಜ. ನಾನೇ ಕೇಳಿದ್ದೇನೆ. ಕೆಲವು ವರ್ಷದ ಹಿಂದೆ ಒಂದೇ ನಕ್ಷೆ ಇಟ್ಟುಕೊಂಡು, ಅದೇ ಡ್ರಿಲ್ ಬಿಟ್, ತೂತನ್ನು ಅಳತೆಗೆ ತಿದ್ದುವ ಅದೇ ರೀಮರ್ ಬಳಸಿ ಒಂದು ವಾಲ್ನಟ್, ಒಂದು ಕಪ್ಪು ಅಕ್ರಿಲಿಕ್ ಮಾಡಿದೆ. ಮೌತ್‌ಪೀಸ್ ಒಂದೇ, ಅದನ್ನೇ ಒಂದರಿಂದ ಕಿತ್ತು ಇನ್ನೊಂದಕ್ಕೆ ಹಾಕಿದೆ. ಗ್ಯಾರೇಜಿನ ಬಾಗಿಲು ಹಾಕಿ ಒಳಗೆ ನಾನು, ಹೊರಗೆ ಅಂಗಳದಲ್ಲಿ ನನ್ನ ಹೆಂಡತಿ, ಕೈಯಲ್ಲಿ ಕಾಫಿ, ಮುಖದಲ್ಲಿ 'ಇವನಿಗೆ ಬೇರೆ ಕೆಲಸ ಇಲ್ಲ' ಅನ್ನುವ ಭಾವ. ಅವಳು ಸಲೀಸಾಗಿ ಹೇಳಿಬಿಟ್ಟಳು. ಒಂದು ಚುರುಕು, ಗಟ್ಟಿ. ಇನ್ನೊಂದು ಮೆತ್ತಗೆ, ಸ್ವಲ್ಪ ಕಂಬಳಿ ಹೊದ್ದ ಹಾಗೆ. ಮೆತ್ತಗಿನದ್ದು ವಾಲ್ನಟ್. ಹಾಗಾದರೆ ಮರದ ದನಿ ಬೇರೆಯೇ ಆಯಿತಲ್ಲ?

ಸುಮ್ನೆ ಇರಲಾಗದೆ ಟಾರ್ಚ್ ಹಾಕಿ ಒಳಗೆ ನೋಡಿದೆ. ಅಕ್ರಿಲಿಕ್ ತೂತಿನ ಗೋಡೆ ಗಾಜಿನಂತೆ ಹೊಳೆಯುತ್ತಿತ್ತು. ವಾಲ್ನಟ್‌ದು ಹತ್ತಿಯ ಬಟ್ಟೆಯ ಹಾಗೆ, ನಾರು ನಾರು. ವಾಲ್ನಟ್‌ಗೆ ತೆರೆದ ರಂಧ್ರ ಜಾಸ್ತಿ, ಎಷ್ಟು ಚೂಪಾದ ಬಿಟ್ ಹಾಕಿದರೂ ನಾರು ನಿಲ್ಲುತ್ತದೆ. ಇಷ್ಟು ಸಣ್ಣ ತೂತಿನಲ್ಲಿ ಗಾಳಿ ಗೋಡೆಗೆ ಉಜ್ಜಿಕೊಂಡೇ ಹೋಗಬೇಕು. ಗೋಡೆ ಒರಟಾದರೆ ದನಿಯ ಮೇಲಿನ ಚೂಪು ಅಲ್ಲೇ ಸತ್ತುಹೋಗುತ್ತದೆ. ತೆಳ್ಳಗಿನ ಲ್ಯಾಕರ್ ಮೂರು ಸಲ ಒಳಗೆ ಬಿಟ್ಟು, ಒಣಗಿಸಿ, ಕಡ್ಡಿಗೆ ನಯವಾದ ಉಜ್ಜು ಕಾಗದ ಸುತ್ತಿ ಉಜ್ಜಿದೆ. ಮತ್ತೆ ಅದೇ ಗ್ಯಾರೇಜು, ಅದೇ ಕಾಫಿ. ಈ ಸಲ ಅವಳು ಒಂದು ಸಲ ಸರಿ, ಒಂದು ಸಲ ತಪ್ಪು, ಆಮೇಲೆ 'ಎರಡೂ ಒಂದೇ ಥರ ಕಿರುಚುತ್ತೆ, ನನಗೆ ಒಳಗೆ ಕೆಲಸ ಇದೆ' ಅಂತ ಹೋದಳು.

ಹಾಗಾಗಿ ನನ್ನ ಲೆಕ್ಕ ಇಷ್ಟು: ಜನ ಮರದ ದನಿ ಅನ್ನುವುದು ಹೆಚ್ಚಾಗಿ ಒರಟು ತೂತಿನ ದನಿ. ಅದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಹತ್ತಿರದ ಹಕ್ಕಿಗೆ ಮೆತ್ತಗಿನ ಯೆಲ್ಪ್ ಚೆಂದವೇ. ಆದರೆ ಅಕ್ರಿಲಿಕ್ಕಿನಲ್ಲಿ ಬೊಗಸೆಯನ್ನು ಸ್ವಲ್ಪ ಮುಚ್ಚಿದರೂ ಅದೇ ಮೆತ್ತಗಿನ ದನಿ ಬರುತ್ತದೆ. ಮೆತ್ತಗಿನ ಕೊಳವೆಯಿಂದ ಗಟ್ಟಿ ದನಿ ತೆಗೆಯುವುದು ಮಾತ್ರ ಕಷ್ಟ. ಗಾಳಿ ಬೀಸುವ ಬೆಳಗ್ಗೆ, ಗುಡ್ಡದ ಆಚೆ ಕೂತ ಗಂಡು ಟರ್ಕಿಗೆ ಕೇಳಿಸಬೇಕು ಅಂದರೆ ಚೂಪು ಬೇಕೇ ಬೇಕು. ಇನ್ನೊಂದು ವಿಷಯ, ನಿಮಗೆ ಹೇಳಿರುವುದು ಕೋಕೋಬೋಲೋ. ಅದು ವಾಲ್ನಟ್ ಥರ ಅಲ್ಲ, ಎಣ್ಣೆ ಎಣ್ಣೆ ಮರ, ತುಂಬ ಗಟ್ಟಿ, ಸಾಮಾನ್ಯವಾಗಿ ನೀರಿಗೆ ಹಾಕಿದರೆ ಮುಳುಗುವಷ್ಟು ಭಾರ. ತೂತು ಅಕ್ರಿಲಿಕ್ಕಿನಷ್ಟೇ ನಯ ಬರುತ್ತದೆ. ಅಂದರೆ ನೀವು ಜಾಸ್ತಿ ದುಡ್ಡು ಕೊಟ್ಟು ಕೋಕೋಬೋಲೋ ತಗೊಂಡರೆ, ದನಿಯಲ್ಲಿ ಅಕ್ರಿಲಿಕ್‌ಗೆ ಅತಿ ಹತ್ತಿರದ ಮರವನ್ನೇ ತಗೊಂಡ ಹಾಗೆ! ನಿಮ್ಮ ಸ್ನೇಹಿತ ಹೇಳುವ ಮರದ ದನಿ ಬೇಕಿದ್ದರೆ ವಾಲ್ನಟ್ ತಗೊಳ್ಳಬೇಕು, ಅದು ಅಗ್ಗವೂ ಹೌದು.

ದನಿಯನ್ನು ನಿಜವಾಗಿ ಕಟ್ಟುವುದು ಮೌತ್‌ಪೀಸ್. ನಾನು ಮಾಡುವವುಗಳಲ್ಲಿ ಒಳತೂತು ಎರಡೂವರೆಯಿಂದ ಮೂರು ಮಿಲಿಮೀಟರ್ ಒಳಗಿರುತ್ತದೆ. ಅದನ್ನು ಕಾಲು ಮಿಲಿಮೀಟರ್ ದೊಡ್ಡದು ಮಾಡಿದರೆ ಬೇರೆಯೇ ಕೋಳಿ ಕೂಗುತ್ತದೆ. ಸಣ್ಣ ತೂತಿಗೆ ಉಸಿರು ಕಡಿಮೆ ಸಾಕು, ದನಿ ಎತ್ತರ, ಯೆಲ್ಪ್‌ನ ಮುಂಭಾಗ ಚೂಪು. ದೊಡ್ಡ ತೂತಿಗೆ ಜಾಸ್ತಿ ಎಳೆಯಬೇಕು, ದನಿ ಮುದಿ ಹೆಣ್ಣಿನದು, ಹಿಂಭಾಗ ಗೊರಗೊರ. ತುಟಿ ದಪ್ಪ ಇರುವವರಿಗೆ ಒಂದು ಹೊಂದುತ್ತದೆ, ತೆಳು ಇರುವವರಿಗೆ ಇನ್ನೊಂದು. ಇದನ್ನು ಯಾರೂ ಪತ್ರದಲ್ಲಿ ಹೇಳಲಾಗದು, ಇಟ್ಟು ಎಳೆದೇ ನೋಡಬೇಕು. ಅದಕ್ಕೇ ಎರಡನೇ ಮೌತ್‌ಪೀಸಿಗೆ ದುಡ್ಡು ಇಡಿ ಅಂದದ್ದು. ತುಟಿಗೆ ತಾಗುವ ರಬ್ಬರ್ ಬಿಲ್ಲೆಯನ್ನು ಹಿಂದೆ ಮುಂದೆ ಸರಿಸಲು ಬರುತ್ತದೆಯೇ ನೋಡಿಕೊಳ್ಳಿ, ಮೌತ್‌ಪೀಸ್ ಎಷ್ಟು ಒಳಗೆ ಹೋಗುತ್ತದೆ ಅನ್ನುವುದೂ ದನಿ ಬದಲಿಸುತ್ತದೆ. ಲೋಹದ ಮೌತ್‌ಪೀಸ್ ಬೇಡ ಅಂತ ನನ್ನ ಅಭಿಪ್ರಾಯ. ನಸುಕಿನ ಚಳಿಯಲ್ಲಿ ತುಟಿ ಮರಗಟ್ಟಿದರೆ ಯೆಲ್ಪ್ ಎಲ್ಲಿಂದ ಬರಬೇಕು!

ಅಕ್ರಿಲಿಕ್ಕಿಗೂ ಅದರದೇ ರೋಗಗಳಿವೆ, ಅದನ್ನು ಮುಚ್ಚಿಟ್ಟು ಹೊಗಳಬಾರದು.

ಮೊದಲನೆಯದು, ಸೊಳ್ಳೆ ಉಣ್ಣೆ ಬರದಿರಲಿ ಅಂತ ಹಚ್ಚಿಕೊಳ್ಳುವ ಡೀಟ್. ಜಾರ್ಜಿಯಾದ ಏಪ್ರಿಲ್ ಕಾಡು ಅಂದರೆ ಉಣ್ಣೆಯ ಜಾತ್ರೆ, ಹಚ್ಚದೆ ಹೋಗುವಂತಿಲ್ಲ. ಆದರೆ ಡೀಟ್ ಕೆಲವು ಪ್ಲಾಸ್ಟಿಕ್‌ಗಳನ್ನೂ ವಾರ್ನಿಷನ್ನೂ ಮೆತ್ತಗೆ ಮಾಡಿ ತಿನ್ನುತ್ತದೆ. ಡಬ್ಬಿಯ ಮೇಲೇ ವಾಚಿನ ಗಾಜು ಜೋಪಾನ ಅಂತ ಬರೆದಿರುತ್ತದೆ ನೋಡಿ. ಒಬ್ಬರು ಹೊಳೆಯುವ ಅಕ್ರಿಲಿಕ್ ಕಾಲ್ ಒಂದನ್ನು ತಂದುಕೊಟ್ಟಿದ್ದರು, ಮೇಲೆ ಹೆಬ್ಬೆರಳ ಗುರುತು ಅಚ್ಚು ಹೊಡೆದ ಹಾಗೆ ಕೂತಿತ್ತು, ಗೆರೆ ಗೆರೆ ಎಣಿಸಬಹುದಿತ್ತು. ಪಿಕಾರಿಡಿನ್ ಇರುವುದನ್ನು ಹಚ್ಚಿಕೊಳ್ಳಿ, ಅದು ಪ್ಲಾಸ್ಟಿಕ್‌ಗೆ ತೊಂದರೆ ಕೊಡುವುದಿಲ್ಲ. ಹಾಗೇ ಸ್ಪಿರಿಟ್ಟಿನಿಂದ, ಕೈಗೆ ಹಾಕುವ ಸ್ಯಾನಿಟೈಸರಿನಿಂದ ಒರೆಸಬೇಡಿ. ಅಕ್ರಿಲಿಕ್ ಒಳಗೆ ಸಣ್ಣ ಸಣ್ಣ ಬಿರುಕುಗಳ ಬಲೆ ಬೀಳುತ್ತದೆ. ಸೋಪು ನೀರು ಸಾಕು.

ಎರಡನೆಯದು, ಬೀಳುವುದು. ಜೀಪಿನಿಂದ ಇಳಿಯುವಾಗ ಕಲ್ಲಿನ ಮೇಲೆ ಬಿದ್ದರೆ ಅಕ್ರಿಲಿಕ್ ಚಕ್ಕೆ ಎದ್ದು ಹೋಗುತ್ತದೆ. ಮೌತ್‌ಪೀಸ್ ಬ್ಯಾರೆಲ್ಲಿನೊಳಗೆ ಕೂರುವ ಜಾಗ ತೆಳು ಇರುತ್ತದೆ, ಅಲ್ಲೇ ಮುರಿಯುವುದು. ಮರ ಬಿದ್ದರೆ ಹೆಚ್ಚಾಗಿ ನೆಗ್ಗುತ್ತದೆ, ಸೀಳಿದರೂ ತೆಳು ಅಂಟು ಬಿಟ್ಟು ಕಟ್ಟಿದರೆ ಮತ್ತೆ ಕೂಗುತ್ತದೆ. ಈ ವಿಷಯದಲ್ಲಿ ಮರವೇ ಮೇಲು. ಕೊರಳಿನ ದಾರ ಬಿಡಬೇಡಿ ಅಷ್ಟೇ.

ಮೂರನೆಯದು, ಅಕ್ರಿಲಿಕ್ ಅಂತ ಮಾರುವುದೆಲ್ಲ ಅಕ್ರಿಲಿಕ್ ಅಲ್ಲ. ಪೆನ್ನು ಕಡೆಯುವವರಿಗೆ ಅಂತ ಬರುವ ಬಣ್ಣ ಬಣ್ಣದ ತುಂಡುಗಳಲ್ಲಿ ಎಷ್ಟೋ ಪಾಲಿಯೆಸ್ಟರ್ ರೆಸಿನ್. ಲೇತ್ ಮೇಲೆ ಇಟ್ಟ ಕೂಡಲೇ ಗೊತ್ತಾಗುತ್ತದೆ, ಮೂಗಿಗೆ ಹೊಡೆಯುವ ಪೇಂಟಂಗಡಿ ವಾಸನೆ, ಸಿಪ್ಪೆ ರಿಬ್ಬನ್ ಥರ ಬರದೆ ಪುಡಿ ಪುಡಿ ಸಿಡಿಯುತ್ತದೆ. ಇದು ಅಕ್ರಿಲಿಕ್ಕಿಗಿಂತ ಬೇಗ ಚಕ್ಕೆ ಏಳುವ ಜಾತಿ. ಯಾವ ತುಂಡು ಬಳಸುತ್ತೀರಿ ಅಂತ ಬಾಯಿಬಿಟ್ಟು ಕೇಳಿ. ಪೆನ್ನಿಗೆ ರೆಸಿನ್ ನಡೆಯುತ್ತದೆ, ತೆಳು ಗೋಡೆಯ ಕಾಲ್‌ಗೆ ನನಗೆ ಇಷ್ಟವಿಲ್ಲ.

ಬಣ್ಣದ ವಿಷಯದಲ್ಲಿ ಮಾತ್ರ ನಾನು ಹಠ ಹಿಡಿಯುತ್ತೇನೆ, ಇದು ರುಚಿಯ ಪ್ರಶ್ನೆ ಅಲ್ಲ, ಜೀವದ ಪ್ರಶ್ನೆ. ಕೆಂಪು, ಬಿಳಿ, ನೀಲಿ ಇರುವುದು ಯಾವುದೂ ಬೇಡ. ವಸಂತದಲ್ಲಿ ಗಂಡು ಟರ್ಕಿಯ ತಲೆ ಕೊರಳು ಅದೇ ಮೂರು ಬಣ್ಣ. ನೀವು ಮರಕ್ಕೆ ಒರಗಿ, ಮೈಯೆಲ್ಲ ಎಲೆ ಬಣ್ಣ ಹಾಕಿಕೊಂಡು, ಹೆಣ್ಣು ಟರ್ಕಿ ಥರ ಕೂಗುತ್ತಾ, ಎದೆಯ ಹತ್ತಿರ ಕೆಂಪು ನೀಲಿ ಸುಳಿಯ ಅಕ್ರಿಲಿಕ್ ಆಡಿಸುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಪೊದೆಯಾಚೆ ಇನ್ನೊಬ್ಬ ಬೇಟೆಗಾರನಿಗೆ ಏನು ಕಾಣುತ್ತದೆ? ಅಮೆರಿಕದ ಬಾವುಟದ ಬಣ್ಣದಲ್ಲಿ ತುಂಡುಗಳು ಇಲ್ಲಿ ತುಂಬ ಮಾರಾಟವಾಗುತ್ತವೆ, ಗಿರಾಕಿಗಳು ಕೇಳುತ್ತಾರೆ, ನಾನು ಮಾಡಿಕೊಡುವುದಿಲ್ಲ. ಕಪ್ಪು, ಕಂದು, ಕಡು ಹಸಿರು ತಗೊಳ್ಳಿ. ಹೊಳಪೂ ಬೇಡ. ಟರ್ಕಿಯ ಕಣ್ಣು ಬಲು ಚುರುಕು, ಬಿಸಿಲಿಗೆ ಮಿಂಚಿದ್ದು ಕಂಡರೆ ಅಲ್ಲಿಂದಲೇ ವಾಪಸ್. ಅತಿ ನಯವಾದ ಉಕ್ಕಿನ ನಾರಿನಿಂದ ಮೇಲೆ ಮೇಲೆ ಉಜ್ಜಿದರೆ ಮಂಕಾಗುತ್ತದೆ. ಇದು ಲ್ಯಾಕರ್ ಹೊಡೆದ ಮರಕ್ಕೂ ಅನ್ವಯಿಸುತ್ತದೆ.

ಕೋಕೋಬೋಲೋ ಬಗ್ಗೆ ಇನ್ನೊಂದು ಎಚ್ಚರಿಕೆ. ಅದರ ಪುಡಿ ಎಷ್ಟೋ ಜನರಿಗೆ ಚರ್ಮದ ಮೇಲೆ ಗಂದೆ ಏಳಿಸುತ್ತದೆ. ನನಗೇ ಆಗಿದೆ, ಒಂದು ಶನಿವಾರ ಅಂಗಿ ತೋಳು ಮಡಚಿಕೊಂಡು ಕಡೆದದ್ದಕ್ಕೆ ಒಂದು ವಾರ ಮೊಣಕೈ ತನಕ ಕೆರೆದುಕೊಂಡೆ. ಮಾಡಿ ಮುಗಿಸಿ, ಮೇಲೆ ಲೇಪ ಹಾಕಿದ ಮೇಲೆ ಮುಟ್ಟಿದರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೂ ತುಟಿಗೆ ತಾಗುವ ಭಾಗ ಆ ಮರದ್ದಾಗದಿರಲಿ. ಇನ್ನು ಹಗುರ ಅಂತ ಮರ ತಗೊಳ್ಳುವ ಯೋಚನೆ ಇದ್ದರೆ, ಕೋಕೋಬೋಲೋಗೂ ಅಕ್ರಿಲಿಕ್‌ಗೂ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ವಾಲ್ನಟ್ ಅವುಗಳ ಅರ್ಧದಷ್ಟು.

ಹಾಂ, ನನ್ನ ವಾಲ್ನಟ್ ಕಥೆ. ನಮ್ಮ ಪಕ್ಕದ ಬೀದಿಯಲ್ಲಿ ಬಿರುಗಾಳಿಗೆ ಬಿದ್ದ ಮರ ಅದು. ಆ ಮನೆಯ ಅಜ್ಜ ಒಂದು ದಿಮ್ಮಿ ನನ್ನ ಟ್ರಕ್ಕಿಗೆ ಹಾಕಿ, ಪ್ರತಿಯಾಗಿ ಒಂದು ಕಾಲ್ ಮಾಡಿಕೊಡು ಅಂದರು. ಎರಡು ಮಾಡಿದೆ. ಅವರದು ಅವರ ಬೆಂಕಿಗೂಡಿನ ಮೇಲಿದೆ, ನನ್ನದು ನನ್ನ ಕೊರಳಲ್ಲಿದೆ. ಪ್ರತಿ ಫೆಬ್ರವರಿಯಲ್ಲಿ ಅದಕ್ಕೆ ಎಣ್ಣೆ ಬಿಡುತ್ತೇನೆ, ಹೀಟರಿನಿಂದ ದೂರ ಇಡುತ್ತೇನೆ, ಎರಡು ಸಲ ಬಿರುಕು ಅಂಟಿಸಿದ್ದೇನೆ. ಇಂಥ ಸಂಬಂಧ ಇದ್ದರೆ ಮರ ತಗೊಳ್ಳಿ. ದನಿಗೋಸ್ಕರ ಬೇಡ.

ಊರಿಗೆ ತೆಗೆದುಕೊಂಡು ಹೋಗುವ ಪ್ರಶ್ನೆ. ಇಲ್ಲೂ ಕೋಕೋಬೋಲೋ ಸ್ವಲ್ಪ ತಲೆನೋವು. ನಿಮಗೆ ಗೊತ್ತಿರಲಿ, ಅದು ನಮ್ಮ ಬೀಟೆಯ ದಾಯಾದಿ. ನಮ್ಮ ಕಡೆ ತೊಟ್ಟಿಮನೆಗಳಲ್ಲಿ ಬೀಟೆ ಮಂಚ, ಬೀಟೆ ಬೀರು ಇರುತ್ತಿದ್ದವಲ್ಲ, ಅದೇ ಡಾಲ್ಬರ್ಜಿಯಾ ಕುಲ. ಕ್ಲಾರಿನೆಟ್ ಮಾಡುವ ಆಫ್ರಿಕನ್ ಬ್ಲ್ಯಾಕ್‌ವುಡ್ ಕೂಡ ಅದೇ ಮನೆತನ. ಕಾಡಲ್ಲಿ ಉಳಿಯದಷ್ಟು ಕಡಿದರು ಅಂತ 2017ರ ಜನವರಿಯಿಂದ ಈ ಇಡೀ ಕುಲದ ವ್ಯಾಪಾರ, ಅಪಾಯದಲ್ಲಿರುವ ಗಿಡ ಪ್ರಾಣಿಗಳ ವ್ಯಾಪಾರಕ್ಕೆ ಲಗಾಮು ಹಾಕುವ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಹಿಡಿತಕ್ಕೆ ಬಂದಿದೆ. ಸಣ್ಣ ಸ್ವಂತ ಸಾಮಾನಿಗೆ ರಿಯಾಯಿತಿಗಳಿವೆ, ಆದರೂ ವಿಮಾನ ನಿಲ್ದಾಣದಲ್ಲಿ 'ಇದು ಯಾವ ಮರ' ಅನ್ನುವ ಚರ್ಚೆಗೆ ನಿಲ್ಲುವುದು ಯಾಕೆ? ಮೂಳೆಯ ಮೌತ್‌ಪೀಸ್ ಇದ್ದರೆ ಅದಕ್ಕೂ ಪ್ರಶ್ನೆ ಬರಬಹುದು. ಕಪ್ಪು ಅಕ್ರಿಲಿಕ್, ಡೆಲ್ರಿನ್ ಮೌತ್‌ಪೀಸ್ ಇದ್ದರೆ ಕೇಳುವವರಿಲ್ಲ. ಮಕ್ಕಳಿಗೆ ತೋರಿಸುವಾಗ ಇದೂ ಹೇಳಿ: ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಕಾಡುಪ್ರಾಣಿ ಬೇಟೆಗೆ ಅವಕಾಶ ಇಲ್ಲ. ಅಮೆರಿಕದಲ್ಲಿ ಲೈಸೆನ್ಸ್ ತಗೊಂಡು, ಆಯಾ ರಾಜ್ಯ ಹೇಳಿದ ದಿನಗಳಲ್ಲಿ, ಹೇಳಿದಷ್ಟೇ ಹಕ್ಕಿ. ಬಂದೂಕು, ಮದ್ದುಗುಂಡಿನ ಮೇಲೆ ಕಟ್ಟುವ ತೆರಿಗೆಯ ದುಡ್ಡು 1937ರ ಕಾಯ್ದೆಯ ಪ್ರಕಾರ ಕಾಡುಪ್ರಾಣಿಗಳ ಕೆಲಸಕ್ಕೇ ಹೋಗುತ್ತದೆ, ಒಂದು ಕಾಲಕ್ಕೆ ಎಷ್ಟೋ ರಾಜ್ಯಗಳಲ್ಲಿ ಕಾಣೆಯಾಗಿದ್ದ ಈ ಹಕ್ಕಿ ತಿರುಗಿ ಬಂದದ್ದರಲ್ಲಿ ಅದರ ಪಾಲೂ ಇದೆ.

ನಾನೂ ಒಂದು ಸಲ ಎರಡೂ ಕಾಲ್ ಚಿಕ್ಕಮಗಳೂರಿಗೆ ತೆಗೆದುಕೊಂಡು ಹೋಗಿದ್ದೆ. ಭಾವನ ತೋಟದ ಪಕ್ಕದವರು ನಾಲ್ಕು ಟರ್ಕಿ ಕೋಳಿ ಸಾಕಿದ್ದರು, ಅದರಲ್ಲಿ ಒಂದು ದೊಡ್ಡ ಗಂಡು. ಬೇಲಿಯ ಈಚೆ ಕೂತು ವಾಲ್ನಟ್‌ನಲ್ಲಿ ಮೂರು ಯೆಲ್ಪ್ ಎಳೆದೆ. ಗಂಡು ಕತ್ತು ಚಾಚಿ 'ಗೊಬಗೊಬಗೊಬ' ಅಂದಿತು. ಅಕ್ರಿಲಿಕ್‌ನಲ್ಲಿ ಎಳೆದೆ, ಮತ್ತೆ 'ಗೊಬಗೊಬಗೊಬ'. ನೋಡಿದಿರಾ, ಹಕ್ಕಿಗೂ ಎರಡೂ ಒಂದೇ ಅಂತ ಭಾವನಿಗೆ ಭಾಷಣ ಶುರು ಮಾಡಿದೆ. ಅಷ್ಟರಲ್ಲಿ ಆಳು ಬಂದು ಪಿಕಪ್ಪಿನ ಬಾಗಿಲು ದಡಾರನೆ ಹಾಕಿದ. ಗಂಡು ಅದಕ್ಕೂ 'ಗೊಬಗೊಬಗೊಬ' ಅಂದಿತು, ನನ್ನ ಎರಡಕ್ಕಿಂತಲೂ ಜೋರಾಗಿ.